ನಾಯಿ, ಬೆಕ್ಕುಗಳ ಹೃದಯ: ಮಲಗಿದ್ದಾಗ ಉಸಿರು ಎಣಿಸಿ

ಎರಡು ವರ್ಷದ ಹಿಂದೆ, ರಕ್ತದೊತ್ತಡದ ತಪಾಸಣೆಗೆ ನನ್ನಲ್ಲಿಗೆ ಬರುವ ನಿವೃತ್ತ ಮೇಷ್ಟ್ರೊಬ್ಬರು 11 ವರ್ಷದ ತಮ್ಮ ಪಮೇರಿಯನ್ ನಾಯಿಯನ್ನೂ ಎತ್ತಿಕೊಂಡು ಬಂದರು. "ಡಾಕ್ಟ್ರೇ, ರಾತ್ರಿಯೆಲ್ಲ ಕೆಮ್ಮುತ್ತೆ. ಎರಡು ತಿಂಗಳಿಂದ ಮೊಮ್ಮಗನ ಕೆಮ್ಮಿನ ಸಿರಪ್ ಕೊಡ್ತಾ ಇದ್ದೀನಿ, ಏನೂ ಗುಣ ಇಲ್ಲ. ನೀವೇ ಒಂದು ಸಲ ನೋಡಿಬಿಡಿ" ಎಂದರು. ನಾನು ಮನುಷ್ಯರ ವೈದ್ಯ. ಆದರೂ ಅವರ ಮಾತು ತೆಗೆದುಹಾಕಲಾಗದೆ ಸ್ಟೆತಾಸ್ಕೋಪ್ ಇಟ್ಟೆ. ಹೃದಯದ ಬಡಿತದ ಜೊತೆಗೆ ಊದಿದಂಥ ಒಂದು ಸದ್ದು ಕೇಳಿಸಿತು. ತಡಮಾಡದೆ ಪಶುವೈದ್ಯರಲ್ಲಿಗೆ ಕಳಿಸಿದೆ. ಎಕ್ಸ್-ರೇಯಲ್ಲಿ ಹೃದಯ ಹಿಗ್ಗಿತ್ತು, ಶ್ವಾಸಕೋಶದಲ್ಲಿ ನೀರು ಸೇರತೊಡಗಿತ್ತು. ಔಷಧ ಶುರುವಾದ ಮೇಲೆ ನಾಯಿ ಏಳು ತಿಂಗಳು ನೆಮ್ಮದಿಯಾಗಿ ಬದುಕಿತು. "ಆ ಎರಡು ತಿಂಗಳು ವ್ಯರ್ಥ ಮಾಡಿದೆ" ಎಂದು ಮೇಷ್ಟ್ರು ಇಂದಿಗೂ ಕೊರಗುತ್ತಾರೆ.

ಆ ಬಳಿಕ ಪಶುವೈದ್ಯ ಮಿತ್ರರನ್ನು ಕೇಳಿ, ಓದಿ ತಿಳಿದುಕೊಂಡ ಕೆಲವು ಸಂಗತಿಗಳನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನಮ್ಮ ಕಾಯಿಲೆಯೇ ಬೇರೆ

ರಕ್ತನಾಳ ಕಟ್ಟಿಕೊಂಡು ಹೃದಯಾಘಾತವಾಗುವುದು ಮನುಷ್ಯರಲ್ಲಿ ಸಾಮಾನ್ಯ. ನಾಯಿ, ಬೆಕ್ಕುಗಳಲ್ಲಿ ಅಪರೂಪ. ಪಮೇರಿಯನ್, ಡ್ಯಾಷ್‌ಹಂಡ್‌ನಂಥ ಚಿಕ್ಕ ಜಾತಿಯ ನಾಯಿಗಳಿಗೆ ವಯಸ್ಸಾದಂತೆ ಹೃದಯದ ಕವಾಟ ದಪ್ಪಗಾಗಿ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ರಕ್ತ ಹಿಂದಕ್ಕೆ ಸೋರುತ್ತದೆ. ನಾನು ಕೇಳಿದ ಸದ್ದು ಅದೇ. ಡಾಬರ್‌ಮನ್‌ನಂಥ ದೊಡ್ಡ ನಾಯಿಗಳಲ್ಲಿ ಹೃದಯದ ಸ್ನಾಯುವೇ ದುರ್ಬಲವಾಗಿ ಹಿಗ್ಗುವುದುಂಟು. ಬೆಕ್ಕುಗಳಲ್ಲಿ ಹೆಚ್ಚಾಗಿ ಕಾಣುವುದು ಇದಕ್ಕೆ ವಿರುದ್ಧವಾದದ್ದು: ಸ್ನಾಯು ದಪ್ಪಗಾಗಿ, ರಕ್ತ ತುಂಬಿಕೊಳ್ಳಲು ಹೃದಯದೊಳಗೆ ಜಾಗವೇ ಕಡಿಮೆಯಾಗುತ್ತದೆ. ಇವಲ್ಲದೆ ಸೊಳ್ಳೆಯ ಮೂಲಕ ಹರಡುವ ಹೃದಯದ ಹುಳುವಿನ ಬಾಧೆಯೂ ಇದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

"ಎದೆ ನೋಯುತ್ತಿದೆ" ಎಂದು ಪ್ರಾಣಿ ಹೇಳಲಾರದು. ಆದರೆ ಅದರ ಉಸಿರು ಹೇಳುತ್ತದೆ. ಇದಕ್ಕೆ ಬೇಕಾದದ್ದು ಸೆಕೆಂಡಿನ ಮುಳ್ಳಿರುವ ಒಂದು ಗಡಿಯಾರ ಮಾತ್ರ.

ನಾಯಿ ಅಥವಾ ಬೆಕ್ಕು ತಂಪಾದ ಜಾಗದಲ್ಲಿ ಗಾಢವಾಗಿ ನಿದ್ರಿಸುತ್ತಿರುವಾಗ ದೂರದಲ್ಲೇ ಕುಳಿತು ಅದರ ಎದೆಯನ್ನು ನೋಡಿ. ಎದೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ. ಕನಸು ಕಂಡು ಕಾಲು ಅದುರಿಸುತ್ತಿರುವಾಗ, ನಾಲಗೆ ಚಾಚಿ ತೇಗುತ್ತಿರುವಾಗ, ಬೆಕ್ಕು ಗುರುಗುಟ್ಟುತ್ತಿರುವಾಗ ಎಣಿಸಬೇಡಿ. ಆರೋಗ್ಯವಾಗಿರುವ ದೊಡ್ಡ ಪ್ರಾಣಿಯಲ್ಲಿ ನಿಮಿಷಕ್ಕೆ 30ರ ಒಳಗಿರಬೇಕು. 30 ದಾಟಿದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಣಿಸಿ. ಆಗಲೂ ಹೆಚ್ಚಿದ್ದರೆ ಅಂದೇ ಪಶುವೈದ್ಯರಿಗೆ ತಿಳಿಸಿ. ಶ್ವಾಸಕೋಶದಲ್ಲಿ ನೀರು ತುಂಬತೊಡಗಿದಾಗ ಮೊದಲು ಬದಲಾಗುವುದು ಈ ಲೆಕ್ಕವೇ.

ಇದರ ಜೊತೆಗೆ ವಸಡನ್ನೂ ನೋಡಿ. ಅದು ಗುಲಾಬಿ ಬಣ್ಣದಲ್ಲಿರಬೇಕು. ಕೆಲವು ಪ್ರಾಣಿಗಳಿಗೆ ವಸಡು ಹುಟ್ಟಿನಿಂದಲೇ ಕಪ್ಪಗಿರುತ್ತದೆ, ಅದಕ್ಕೆ ಗಾಬರಿ ಬೇಡ. ಆದರೆ ಬಿಳಿಚಿಕೊಂಡಿದ್ದರೆ ಅಥವಾ ನೀಲಿಗಟ್ಟಿದ್ದರೆ ಅಪಾಯ. ಸ್ವಲ್ಪ ನಡೆದರೂ ಸುಸ್ತು, ರಾತ್ರಿ ಕೆಮ್ಮು, ಇದ್ದಕ್ಕಿದ್ದಂತೆ ಎಚ್ಚರ ತಪ್ಪುವುದು, ಹೊಟ್ಟೆ ಊದಿಕೊಂಡು ಮೈ ಸೊರಗುವುದು - ಇವು ನಾಯಿಯಲ್ಲಿ ಕಾಣುವ ಲಕ್ಷಣಗಳು. "ವಯಸ್ಸಾಯಿತು" ಎಂದು ಸುಮ್ಮನಾಗಬೇಡಿ.

ಬೆಕ್ಕಿನ ವಿಷಯದಲ್ಲಿ ಎಚ್ಚರ

ಬೆಕ್ಕು ತನ್ನ ಸಂಕಟವನ್ನು ಮುಚ್ಚಿಡುತ್ತದೆ. ಹೃದ್ರೋಗದಿಂದ ಅದು ಕೆಮ್ಮುವುದು ಅಪರೂಪ. ಊಟ ಬಿಟ್ಟು ಮಂಚದಡಿ ಸೇರಿಕೊಳ್ಳುತ್ತದೆ, ಅಷ್ಟೆ. ಬೆಕ್ಕು ಬಾಯಿ ತೆರೆದು ಉಸಿರಾಡುತ್ತಿದ್ದರೆ ಅದನ್ನು ತುರ್ತು ಸ್ಥಿತಿ ಎಂದೇ ಭಾವಿಸಿ. ಇದ್ದಕ್ಕಿದ್ದಂತೆ ಹಿಂಗಾಲುಗಳ ಶಕ್ತಿ ಹೋಗಿ, ಅವು ತಣ್ಣಗಾಗಿ, ನೋವಿನಿಂದ ಕಿರುಚಿದರೆ ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತ ಕಾಲಿನ ರಕ್ತನಾಳಕ್ಕೆ ಸಿಕ್ಕಿಕೊಂಡಿರಬಹುದು. ಬಾಯಿಗೆ ನೀರು ಹೊಯ್ಯುತ್ತಾ ಕೂರದೆ, ಗಾಳಿಯಾಡುವ ಪೆಟ್ಟಿಗೆಯಲ್ಲಿಟ್ಟು ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಇನ್ನೊಂದು ಮಾತು ನಮ್ಮ ಮನೆಗಳಿಗೇ ಸಂಬಂಧಿಸಿದ್ದು. ಅನೇಕರು ಬೆಕ್ಕಿಗೆ ಬರೀ ಹಾಲು ಅನ್ನ ಹಾಕುತ್ತಾರೆ. ಬೆಕ್ಕಿನ ಹೃದಯಕ್ಕೆ ಟಾರಿನ್ ಎಂಬ ಸತ್ವ ಅತ್ಯಗತ್ಯ. ಅದು ಮಾಂಸ, ಮೀನುಗಳಲ್ಲಿದೆ. ಅನ್ನದಲ್ಲಿ ಇಲ್ಲ, ಹಾಲಿನಲ್ಲಿ ಸಾಲದು. ನಾಯಿಯ ದೇಹ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ, ಬೆಕ್ಕಿನ ದೇಹಕ್ಕೆ ಬೇಕಾದಷ್ಟು ತಯಾರಿಸಿಕೊಳ್ಳಲಾಗದು. ಇದರ ಕೊರತೆಯಿಂದ ಬೆಕ್ಕಿನ ಹೃದಯ ಹಿಗ್ಗಿ ಸೋಲುತ್ತದೆಂದು 1987ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು. ಮನೆಯಲ್ಲಿ ಮಾಂಸ ಬೇಯಿಸದವರು ಟಾರಿನ್ ಸೇರಿಸಿದ ಬೆಕ್ಕಿನ ಆಹಾರವನ್ನಾದರೂ ಕೊಡಬೇಕು.

ಆಸ್ಪತ್ರೆಯಲ್ಲಿ

ಪಶುವೈದ್ಯರು ಎದೆಯ ಸದ್ದು ಕೇಳಿ, ತೊಡೆಯ ಒಳಭಾಗದಲ್ಲಿ ನಾಡಿ ನೋಡುತ್ತಾರೆ. ಉಸಿರೆಳೆದಾಗ ಬಡಿತ ಚುರುಕಾಗಿ, ಬಿಟ್ಟಾಗ ನಿಧಾನವಾಗುವುದು ನಾಯಿಗೆ ಸಹಜ. ನನ್ನಂಥವನು ಅದನ್ನೇ ಕಾಯಿಲೆ ಎಂದುಕೊಂಡಾನು! ಬೆಕ್ಕಿನಲ್ಲಿ ಯಾವ ಸದ್ದೂ ಇಲ್ಲದೆ ದೊಡ್ಡ ರೋಗ ಇರಬಹುದು. ಆದ್ದರಿಂದ ಸಂಶಯವಿದ್ದರೆ ಎಕ್ಸ್-ರೇ, ಇಸಿಜಿ, ಎಕೋ ಪರೀಕ್ಷೆ ಬೇಕಾಗುತ್ತದೆ. ಇಸಿಜಿ ನಾಯಿಗೆ ಹೊಸದಲ್ಲ. ಲಂಡನ್ನಿನ ಆಗಸ್ಟಸ್ ವಾಲರ್ 1909ರಲ್ಲಿ ಜಿಮ್ಮಿ ಎಂಬ ತನ್ನ ನಾಯಿಯ ಪಾದಗಳನ್ನು ಉಪ್ಪುನೀರಿನಲ್ಲಿರಿಸಿ ಹೃದಯದ ವಿದ್ಯುತ್ತನ್ನು ವಿದ್ವಾಂಸರ ಮುಂದೆ ಪ್ರದರ್ಶಿಸಿದ್ದ.

ನಿಮ್ಮ ಮಾತ್ರೆಗಳನ್ನು ಮಾತ್ರ ಅವಕ್ಕೆ ಕೊಡಬೇಡಿ. ಕೆಲವು ಹೃದಯದ ಔಷಧಗಳು ಇಬ್ಬರಿಗೂ ಒಂದೇ ಆದರೂ ಪ್ರಮಾಣ ಬೇರೆ. ನಮಗೆ ನಿರಪಾಯವೆನಿಸುವ ಒಂದೇ ಪ್ಯಾರಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ಮೇಷ್ಟ್ರ ಮನೆಗೆ ಈಗ ಇನ್ನೊಂದು ನಾಯಿ ಬಂದಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ತಿಂಗಳಿಗೊಮ್ಮೆ ಅದರ ಉಸಿರಿನ ಲೆಕ್ಕವನ್ನೂ ಬರೆದಿಡುತ್ತಾರೆ. ಇಂದು ರಾತ್ರಿ ನಿಮ್ಮ ಮನೆಯ ನಾಯಿಯೋ ಬೆಕ್ಕೋ ಮಲಗಿದ ಮೇಲೆ ನೀವೂ ಒಮ್ಮೆ ಎಣಿಸಿ ನೋಡಿ. ಬೇಕಾದದ್ದು ಅರ್ಧ ನಿಮಿಷ.