ಬೊಲಿವಿಯಾದ ಕಾಡುಶೇಂಗಾ, ಆದವಾನಿಯ ಮಸಾರಿ ಹೊಲ

1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ, ಇಂದಿಗೂ ಕನ್ನಡ ಕೇಳಿಬರುವ ಆದವಾನಿ, ಆಲೂರು, ಕೌತಾಳಂ, ಕೋಸಿಗಿ ಸೀಮೆಯಲ್ಲಿ ಎರೆ ನೆಲ ಹತ್ತಿಗೆ, ಮಸಾರಿ ನೆಲ ಶೇಂಗಾಕ್ಕೆ. ಮಳೆ ಹದವಾಗಿ ಬಿದ್ದ ವರ್ಷವೇ ಶೇಂಗಾಕ್ಕೆ ಎಲೆರೋಗದ ಕಾಟ ಹೆಚ್ಚು. ಬಿತ್ತಿ ಎರಡು ತಿಂಗಳಾಗುವಷ್ಟರಲ್ಲಿ ಎಲೆಯಡಿ ಕಪ್ಪು ಚುಕ್ಕೆ ಮೂಡುತ್ತದೆ, ಬೆನ್ನಲ್ಲೇ ಇಟ್ಟಿಗೆ ಬಣ್ಣದ ತುಕ್ಕಿನ ಪುಡಿ. ಕಾಯಿ ಬಲಿಯುವ ಮೊದಲೇ ಎಲೆ ಉದುರಿ ಬರೀ ಕಡ್ಡಿ ಉಳಿಯುತ್ತದೆ. ಎರಡೂ ರೋಗ ಕೂಡಿ ಬಂದರೆ ಅರ್ಧದಷ್ಟು ಫಸಲು ಹೋಗುವುದುಂಟು. ದನಗಳಿಗೆ ಹಾಕುವ ಹೊಟ್ಟೂ ಕೆಡುತ್ತದೆ. ಗುಳೆ ಹೋಗುವುದು ರೂಢಿಯಾಗಿರುವ ಈ ಊರುಗಳಲ್ಲಿ ಮೇವಿನ ನಷ್ಟ ಸಣ್ಣದಲ್ಲ.

ಬಡವಾದ ವಂಶ

ಸುಮಾರು 10,000 ವರ್ಷಗಳ ಹಿಂದೆ ದಕ್ಷಿಣ ಅಮೆರಿಕದಲ್ಲಿ ಎರಡು ಕಾಡುಜಾತಿಗಳು ಬೆರೆತು ಇಂದಿನ ಶೇಂಗಾ ಹುಟ್ಟಿತು. ಅದರ ವರ್ಣತಂತುಗಳು 40, ಕಾಡಿನ ಬಹುತೇಕ ಬಂಧುಗಳದ್ದು 20. ಹಾಗಾಗಿ ಮತ್ತೆ ಬೆರಕೆಯಾಗುವ ದಾರಿ ಮುಚ್ಚಿತು. ಈ ಎರಡು ರೋಗ ತಡೆಯುವ ಬಲವಾದ ಗುಣ ಬೇಸಾಯದ ತಳಿಗಳಲ್ಲಿ ವಿರಳವಾಯಿತು. 1959ರಲ್ಲಿ ಬೊಲಿವಿಯಾದಲ್ಲಿ ಸಂಗ್ರಹಿಸಿದ ‘ಕಾರ್ಡೆನಾಸಿ’ ಎಂಬ ಕಾಡುಶೇಂಗಾದಲ್ಲಿ ಆ ಗುಣವಿತ್ತು. 1960ರ ದಶಕದಲ್ಲಿ ಅಮೆರಿಕದಲ್ಲಿ ಅದನ್ನು ನಾಡಶೇಂಗಾದೊಡನೆ ಸಂಕರಿಸಿದಾಗ ಹುಟ್ಟಿದ್ದು 30 ವರ್ಣತಂತುಗಳ ಬಂಜೆ ಗಿಡ. ಕಾಲ್ಚಿಸಿನ್ ಎಂಬ ರಾಸಾಯನಿಕ ಬಳಸಿ ವರ್ಣತಂತುಗಳನ್ನು 60ಕ್ಕೆ ಏರಿಸಿ, ಮುಂದಿನ ತಲೆಮಾರುಗಳಲ್ಲಿ 40ಕ್ಕೆ ಇಳಿಸಲಾಯಿತು.

ಕಾಡಿನ ಆ ರಕ್ತ ಹೊತ್ತ ಸಾಲುಗಳಲ್ಲೊಂದನ್ನು ಧಾರವಾಡದಲ್ಲಿ ಕೆಆರ್‌ಜಿ-1 ತಳಿಯ ಜತೆ ಸಂಕರಿಸಿದ್ದರ ಫಲವೇ ಈ ಶತಮಾನದ ಆರಂಭದಲ್ಲಿ ಬಂದ ಜಿಪಿಬಿಡಿ-4. ತುಕ್ಕು, ಎಲೆಚುಕ್ಕೆ ಎರಡನ್ನೂ ತಡೆಯುವ ಗೆಜ್ಜೆ ಶೇಂಗಾ ತಳಿಯಿದು. ಅದೇ ಕಾಡುಗಿಡದ ಅಂಶ ಇಂದು ಸುಮಾರು 30 ದೇಶಗಳ ತಳಿಗಳಲ್ಲಿದೆ.

ಆಕ್ಷೇಪಗಳ ತೂಕ

ಪಶ್ಚಿಮ ಕರ್ನೂಲಿನ ಈ ಸೀಮೆಯ ಮೊದಲ ಶತ್ರು ಬರ, ರೋಗವಲ್ಲ ಎನ್ನುವವರ ಮಾತು ನಿಜ. ಕಾಡುಗಿಡದಿಂದ ಒಳ್ಳೆಯ ಗುಣದ ಜತೆಗೆ ದಪ್ಪ ಸಿಪ್ಪೆ, ತಡವಾದ ಮಾಗುವಿಕೆಯೂ ಬರಬಹುದು. ಒಂದೇ ಮೂಲವನ್ನು ನೆಚ್ಚಿದರೆ ರೋಗಾಣು ಒಂದು ದಿನ ಅದನ್ನೂ ಮೀರೀತು. ಆದರೆ ಬರದ ವರ್ಷ ಹೇಗೂ ಕೈಗೆ ಹತ್ತದ ಬೆಳೆ, ಮಳೆಯಾದ ವರ್ಷವೂ ರೋಗಕ್ಕೆ ಹೋದರೆ ರೈತನಿಗೆ ಸಾಲ ತೀರಿಸಲು ವರ್ಷವೇ ಉಳಿಯುವುದಿಲ್ಲ. ಈ ವಾದಕ್ಕೆ ಹೆಚ್ಚು ತೂಕವಿದೆ.

ಬೀಜದ ಗಂಟು

ಹತ್ತಿಯಲ್ಲೂ ಧಾರವಾಡವೇ 1972ರಲ್ಲಿ ಎರಡು ಜಾತಿಗಳನ್ನು ಬೆಸೆದು ‘ವರಲಕ್ಷ್ಮಿ’ ಹೈಬ್ರಿಡ್ ಕೊಟ್ಟಿತು. ಹೈಬ್ರಿಡ್ ಬೀಜವನ್ನು ವರ್ಷವರ್ಷ ಕೊಳ್ಳಬೇಕು. ಹಾಗಾಗಿ ವ್ಯಾಪಾರ ಅದನ್ನು ಊರೂರಿಗೆ ಮುಟ್ಟಿಸಿತು. ಶೇಂಗಾ ಸ್ವಪರಾಗದ ಬೆಳೆ, ಬೀಜ ರೈತನ ಮನೆಯಲ್ಲೇ ಉಳಿಯುತ್ತದೆ. ಎಕರೆಗೆ 40-50 ಕಿಲೋ ಕಾಳು ಬೇಕು, ಮರಳುವುದು ಎಂಟು-ಹತ್ತು ಪಟ್ಟು ಮಾತ್ರ. ಲಾಭ ಕಾಣದ ವ್ಯಾಪಾರ ಇತ್ತ ತಿರುಗದು. 1940ರ ಟಿಎಂವಿ-2 ಶೇಂಗಾ ತಳಿ ದಶಕಗಟ್ಟಲೆ ಹೊಲ ಬಿಟ್ಟು ಕದಲದಿರಲು ಇದೂ ಕಾರಣ.

ಆದ್ದರಿಂದ ಹೊಣೆ ಸರ್ಕಾರದ್ದು. ತುಂಗಭದ್ರಾ ಕೆಳಮಟ್ಟದ ಕಾಲುವೆಯ ನೀರಿನಲ್ಲಿ ಹಿಂಗಾರಿಗೆ ರೋಗ ತಡೆಯುವ ತಳಿಗಳ ಬೀಜ ಬೆಳೆಸಲಿ, ಮುಂಗಾರಿನ ರಿಯಾಯಿತಿ ಬೀಜದ ಪಟ್ಟಿಯಲ್ಲಿ ಅವಕ್ಕೆ ಮೊದಲ ಸ್ಥಾನ ಕೊಡಲಿ.