ಅಚ್ಚು ಬದಲಾದರೆ ಹಳೆಯ ಉತಾರ ಏನಾದೀತು?

ಇಂಡಿಯ ರೈತನೊಬ್ಬನ ಪಹಣಿಯಲ್ಲಿ, ಈ ಕಡೆಯವರ ಮಾತಿನಲ್ಲಿ ಉತಾರದಲ್ಲಿ, ಹೊಲದ ವಿಸ್ತೀರ್ಣ 5.20 ಎಂದಿದೆ ಎನ್ನಿ. ಐದೂವರೆ ಎಕರೆ ಎಂದು ಹಳ್ಳಿಯ ಹುಡುಗನೂ ಓದಿಬಿಡುತ್ತಾನೆ. ಎಕರೆಗೆ 40 ಗುಂಟೆಯಲ್ಲವೇ? ಗಣಕಯಂತ್ರಕ್ಕೆ ಈ ತಿಳಿವಳಿಕೆ ತಾನಾಗಿ ಬಾರದು.

2000ದ ಸುಮಾರಿಗೆ 'ಭೂಮಿ' ಯೋಜನೆ ಕರ್ನಾಟಕದ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಇಂಥ ತಂತ್ರಾಂಶವನ್ನು ಆಬ್ಜೆಕ್ಟ್ ಓರಿಯೆಂಟೆಡ್ ವಿಧಾನದಲ್ಲಿ ಬರೆದರೆ 'ಉತಾರ' ಒಂದು ಕ್ಲಾಸ್, ಅಂದರೆ ಅಚ್ಚು. ಒಬ್ಬೊಬ್ಬರ ಉತಾರವೂ ಆ ಅಚ್ಚಿನಿಂದ ತೆಗೆದ ಆಬ್ಜೆಕ್ಟ್. ಅಚ್ಚನ್ನು ತಿದ್ದುವುದು ಸುಲಭ. ಡಿಸ್ಕಿನಲ್ಲಿ ಕುಳಿತ ಹಳೆಯ ಉತಾರಗಳು ತಾವಾಗಿ ತಿದ್ದಿಕೊಳ್ಳವು. ಹೊಸ ಅಚ್ಚು ದಶಮಾಂಶ ಎಕರೆ ಕೇಳಿದರೂ ಹಳೆಯ 5.20 ಹಾಗೆಯೇ ಒಳಬಂದೀತು. ದಶಮಾಂಶದಲ್ಲಿ .20 ಎಂದರೆ 8 ಗುಂಟೆ ಮಾತ್ರ. 12 ಗುಂಟೆ ಮಾಯ! ಯಂತ್ರ ಚಕಾರ ಎತ್ತುವುದಿಲ್ಲ. ಬೆಳೆಸಾಲಕ್ಕೆ ಹೋದ ದಿನ ರೈತನಿಗೇ ಗೊತ್ತಾಗಬೇಕು.

ಅದಕ್ಕೇ ಪ್ರತಿ ದಾಖಲೆಯ ಜೊತೆ ಅಚ್ಚಿನ ಆವೃತ್ತಿ ಸಂಖ್ಯೆ ಬರೆದಿಡುವುದು ಜಾಣತನ. ಜಾವಾ ಭಾಷೆಯಲ್ಲಿ ಈ ಸಂಖ್ಯೆ ಹೊಂದದಿದ್ದರೆ ಉಳಿಸಿಟ್ಟ ಆಬ್ಜೆಕ್ಟನ್ನು ಓದಲು ಯಂತ್ರ ಒಪ್ಪುವುದೇ ಇಲ್ಲ. ಆಮೇಲೆ ಎಲ್ಲವನ್ನೂ ಒಂದೇ ಸಲ ಪರಿವರ್ತಿಸಬಹುದು, ಇಲ್ಲವೇ ತೆರೆದಾಗಲೊಮ್ಮೆ ಒಂದೊಂದಾಗಿ.

ಹೊಸದಾಗಿ 'ಕೊಳವೆಬಾವಿ ಇದೆಯೇ?' ಎಂಬ ಅಂಕಣ ಸೇರಿದರೆ? ಹಳೆಯ ಉತಾರಗಳಲ್ಲಿ 'ಗೊತ್ತಿಲ್ಲ' ಎಂದೇ ತುಂಬಬೇಕು. 'ಇಲ್ಲ' ಎಂದು ತುಂಬಿದರೆ ನೀರಿದ್ದವನ ನಿಂಬೆ ತೋಟವೂ ಕಡತದಲ್ಲಿ ಒಣಭೂಮಿ.