ತೊಗರಿಯ ಬೇರೂ ಕಡಲಿನ ನೀರೂ

ಅಫಜಲಪುರದ ಎರೆಹೊಲದಲ್ಲಿ ಭಾದ್ರಪದದ ಹೊತ್ತಿಗೆ ತೊಗರಿಯ ಗಿಡವೊಂದನ್ನು ಮೆಲ್ಲನೆ ಅಗೆದು ಬೇರನ್ನು ತೊಳೆದರೆ, ಅದರ ಎಳೆಗಳ ಮೇಲೆ ಅಲ್ಲಲ್ಲಿ ಸಣ್ಣ ಗಂಟುಗಳು ಕಾಣುವುವು. ಗಂಟೊಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಬಣ್ಣ. ಅಲ್ಲಿ ನೆಲೆಸಿರುವ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗುವ ರೂಪಕ್ಕೆ ತರುವುವು. ಪಕ್ಕದ ಹೊಲದ ಜೋಳಕ್ಕೆ ಈ ಭಾಗ್ಯವಿಲ್ಲ. ಅದಕ್ಕೆ ಗೊಬ್ಬರ ಹಾಕಬೇಕು. ಗಾಳಿಯ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ಸಾರಜನಕವೇ ಆದರೂ, ಅದರ ಎರಡು ಪರಮಾಣುಗಳ ಬಿಗಿಯಾದ ಬೆಸುಗೆಯನ್ನು ಬಿಡಿಸುವ ನೈಟ್ರೊಜಿನೇಸ್ ಎಂಬ ಕಿಣ್ವವು ಕೆಲವು ಸೂಕ್ಷ್ಮಜೀವಿಗಳಲ್ಲಿ ಮಾತ್ರ ಉಂಟು.

ಕಡಲಿನ ಜೀವಿಗಳಿಗೂ ಸಾರಜನಕ ಬೇಕು. ಭೀಮೆಯ ನೀರು ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಇಳಿಯುವಾಗ ಹೊಲಗಳ ಸಾರವನ್ನು ಸ್ವಲ್ಪ ಒಯ್ಯುವುದೇನೋ ನಿಜ. ಆದರೆ ಅದು ತೀರಕ್ಕೆ ಒದಗುವಷ್ಟು ನಡುಗಡಲಿಗೆ ಒದಗದು. ನಮ್ಮ ಅರಬ್ಬಿ ಸಮುದ್ರದಲ್ಲಂತೂ ಖರ್ಚು ದೊಡ್ಡದು. ಅಲ್ಲಿ ಸುಮಾರು 150 ಮೀಟರಿನಿಂದ 1,000 ಮೀಟರಿನವರೆಗಿನ ಆಳದಲ್ಲಿ ಆಮ್ಲಜನಕ ಅತ್ಯಲ್ಪ. ಅಲ್ಲಿಯ ಬ್ಯಾಕ್ಟೀರಿಯಗಳು ಆಮ್ಲಜನಕದ ಬದಲು ನೈಟ್ರೇಟನ್ನು ಬಳಸಿ, ಅದರಲ್ಲಿದ್ದ ಸಾರಜನಕವನ್ನು ಅನಿಲವಾಗಿ ಬಿಟ್ಟುಬಿಡುವುವು. ಹಾಗಾದರೆ ಹೀಗೆ ಕಳೆದುದನ್ನು ಕಡಲಿಗೆ ತುಂಬಿಕೊಡುವವರು ಯಾರು? ಒಬ್ಬರನ್ನು ನಾವು ಬರಿಗಣ್ಣಿನಿಂದಲೇ ಕಾಣಬಹುದು. ಮಳೆಗಾಲಕ್ಕೆ ಮುನ್ನ ಮಂಗಳೂರು, ಕಾರವಾರಗಳ ಕಡೆ ಕಡಲು ಶಾಂತವಾಗಿರುವಾಗ ನೀರಿನ ಮೇಲೆ ಮರದ ಹೊಟ್ಟು ಚೆಲ್ಲಿದಂತೆ ತೇಲುವ ಟ್ರೈಕೊಡೆಸ್ಮಿಯಮ್ ಎಂಬ ಜೀವಿಯೇ ಅದು. ಆದರೆ ಎಲ್ಲ ಕೆಲಸವೂ ಅದೊಂದರದೇ ಅಲ್ಲ.

ಉಳಿದವರನ್ನು ಹುಡುಕುವುದು ಹೇಗೆ? ಕಡಲಿನ ಬ್ಯಾಕ್ಟೀರಿಯಗಳನ್ನು ಪ್ರಯೋಗಶಾಲೆಯ ತಟ್ಟೆಯಲ್ಲಿ ಬೆಳೆಸಹೊರಟರೆ ನೂರಕ್ಕೆ ಒಂದೂ ಬೆಳೆಯುವುದಿಲ್ಲ. ಆದ್ದರಿಂದ ವಿಜ್ಞಾನಿಗಳು ಜೀವಿಯನ್ನು ಬಿಟ್ಟು ಅದರ ಬರೆಹವನ್ನು ಹುಡುಕತೊಡಗಿದರು. ಮಿಲಿಮೀಟರಿನ ಐದು ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ರಂಧ್ರಗಳುಳ್ಳ ಜರಡಿಯಲ್ಲಿ ನೀರನ್ನು ಸೋಸಿ, ಉಳಿದ ಜೀವಕೋಶಗಳನ್ನು ಒಡೆದರೆ, ಎಲ್ಲರ ಡಿ.ಎನ್.ಎ.ಯೂ ಕಲಸಿಹೋಗಿ ದೊರೆಯುವುದು. ನೈಟ್ರೊಜಿನೇಸಿನ ಒಂದು ಭಾಗವನ್ನು ಕಟ್ಟುವ ಸೂಚನೆಯಿರುವ ಜೀನಿಗೆ ನಿಫ್-ಎಚ್ ಎಂದು ಹೆಸರು. ತೊಗರಿಯ ಗಂಟಿನ ಬ್ಯಾಕ್ಟೀರಿಯದಲ್ಲಿರಲಿ, ಕಡಲಿನ ಟ್ರೈಕೊಡೆಸ್ಮಿಯಮ್‌ನಲ್ಲಿರಲಿ, ಈ ಜೀನಿನ ಕೆಲವು ಭಾಗಗಳು ಬಹುಮಟ್ಟಿಗೆ ಒಂದೇ. ಆ ಭಾಗಗಳಿಗೆ ಅಂಟುವ ಡಿ.ಎನ್.ಎ. ತುಣುಕುಗಳನ್ನೇ ಗಾಳವಾಗಿ ಹಾಕಿ, ಸಿಕ್ಕಿದ ಜೀನನ್ನು ಲಕ್ಷಾಂತರ ಪ್ರತಿಗಳಾಗಿ ಹೆಚ್ಚಿಸಿ, ಅದರ ನಾಲ್ಕು ಬಗೆಯ ಅಕ್ಷರಗಳ ಸಾಲನ್ನು ಓದಬಹುದು. ಗಾಳವನ್ನೇ ಹಾಕದೆ, ದೊರೆತ ಡಿ.ಎನ್.ಎ.ಯನ್ನೆಲ್ಲ ಓದುವ ಕ್ರಮವೂ ಉಂಟು. ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ‘ಸಿಂಧು ಸಾಧನಾ’ ನೌಕೆಯು 2021ರ ಮಾರ್ಚಿಯಲ್ಲಿ ವಿಶಾಖಪಟ್ಟಣದಿಂದ ಹೊರಟುದು ಹಿಂದೂ ಮಹಾಸಾಗರದ ಸೂಕ್ಷ್ಮಜೀವಿಗಳ ಇಂಥ ಓದಿಗಾಗಿಯೇ.

1998ರಲ್ಲಿ ಅಮೆರಿಕದ ಜೊನಾಥನ್ ಝೆರ್ ಎಂಬ ವಿಜ್ಞಾನಿಗೆ ಪೆಸಿಫಿಕ್ ಸಾಗರದ ನೀರಿನಲ್ಲಿ ಯಾವ ಪರಿಚಿತ ಜೀವಿಗೂ ಹೊಂದದ ನಿಫ್-ಎಚ್ ಸಾಲೊಂದು ದೊರೆಯಿತು. ಆಳು ಕಾಣದೆ ಅವನ ಕೈಬರೆಹ ಮಾತ್ರ ಸಿಕ್ಕಂತಾಯಿತು! 2008ರಲ್ಲಿ ಅದೇ ಜೀವಿಯ ಇನ್ನಷ್ಟು ಡಿ.ಎನ್.ಎ.ಯನ್ನು ಓದಿದಾಗ ಬೆರಗು ಹೆಚ್ಚಿತು. ಅದರ ಬಂಧುಗಳೆಲ್ಲ ಬಿಸಿಲಿನಿಂದ ಆಹಾರ ತಯಾರಿಸುವಂಥವು. ಇದರಲ್ಲಿ ಆ ಸಲಕರಣೆಯ ಮುಖ್ಯ ಭಾಗವೇ ಇರಲಿಲ್ಲ. ಹಾಗಾದರೆ ಉಣಿಸುವವರು ಬೇರೆ ಯಾರೋ ಇರಬೇಕಷ್ಟೆ. 2012ರಲ್ಲಿ ಗುಟ್ಟು ಬಯಲಾಯಿತು. ಒಂದೇ ಕೋಶದ ಸಣ್ಣ ಪಾಚಿಯೊಂದು ಅದಕ್ಕೆ ಆಹಾರವಿತ್ತು, ಅದರಿಂದ ಸಾರಜನಕವನ್ನು ಪಡೆಯುತ್ತಿತ್ತು. ಜಪಾನಿನ ಕ್ಯೋಕೊ ಹಗಿನೊ ಎಂಬಾಕೆ ಈ ಪಾಚಿಯನ್ನು ಪ್ರಯೋಗಶಾಲೆಯಲ್ಲಿ ಬೆಳೆಸಲು ಒಂದು ದಶಕಕ್ಕೂ ಮಿಕ್ಕಿ ದುಡಿದು, 300ಕ್ಕೂ ಹೆಚ್ಚು ಬಾರಿ ಕಡಲಿನ ನೀರು ತಂದರು. ಯಂತ್ರಗಳ ವೇಗವನ್ನು ಕೊಂಡಾಡುವಾಗ ಇಂಥ ತಾಳ್ಮೆಯನ್ನು ನಾವು ಮರೆಯುವುದುಂಟು. ಆಕೆ ಬೆಳೆಸಿದ ಪಾಚಿಯಿಂದಲೇ 2024ರಲ್ಲಿ ಕಡೆಯ ಮಾತು ಹೊರಬಿದ್ದಿತು: ಒಳಗಿನ ಜೀವಿ ಅತಿಥಿಯಾಗಿ ಉಳಿದಿಲ್ಲ, ಪಾಚಿ ಇಬ್ಭಾಗವಾಗುವಾಗ ತಾನೂ ಇಬ್ಭಾಗವಾಗುತ್ತ, ಪಾಚಿ ಕಳುಹಿಸುವ ಪ್ರೋಟೀನುಗಳನ್ನು ಬಳಸುತ್ತ, ಕೋಶದ ಒಂದು ಅಂಗವೇ ಆಗಿಬಿಟ್ಟಿದೆ. ಅದಕ್ಕೆ ನೈಟ್ರೊಪ್ಲಾಸ್ಟ್ ಎಂದು ಹೆಸರಿಟ್ಟರು.

ತೊಗರಿಗೂ ಈ ಪಾಚಿಗೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ತೊಗರಿಯ ಬೀಜದಲ್ಲಿ ಬ್ಯಾಕ್ಟೀರಿಯವಿಲ್ಲ. ಪ್ರತಿಯೊಂದು ಸಸಿಯೂ ಅದನ್ನು ಮಣ್ಣಿನಿಂದ ಹೊಸದಾಗಿ ಪಡೆಯಬೇಕು. ಪಾಚಿಗಾದರೋ ಅದು ಹುಟ್ಟಿನಿಂದ ಬಂದ ಆಸ್ತಿ. ಇಂಥದೊಂದು ಅಂಗವನ್ನು ಜೋಳದ ಕೋಶಕ್ಕೂ ಕೊಡಬಹುದೇ ಎಂಬ ಪ್ರಶ್ನೆ ಆಗಲೇ ಎದ್ದಿದೆ. ಕೊಟ್ಟರೆ ಭೀಮಾತೀರದ ರೈತನ ಗೊಬ್ಬರದ ಖರ್ಚು ಇಳಿದೀತು. ಆದರೆ ಅದು ಹತ್ತಿರದಲ್ಲಿದೆಯೆಂದು ನಮಗೆ ತೋರುವುದಿಲ್ಲ. ಪಾಚಿಯೊಡನೆ ಆ ಜೀವಿ ಹೊಂದಿಕೊಳ್ಳತೊಡಗಿ ಸುಮಾರು 10 ಕೋಟಿ ವರ್ಷಗಳಾಗಿವೆ. ಒಳಕ್ಕೆ ಹೋಗಬೇಕಾದ ಪ್ರೋಟೀನಿನ ತುದಿಗೆ ಪಾಚಿಯು ವಿಳಾಸದಂತೆ ಒಂದು ಗುರುತಿನ ತುಣುಕನ್ನು ಜೋಡಿಸುವುದು. ಜೋಳದ ಕೋಶಕ್ಕೆ ಮೊದಲು ಕಲಿಸಬೇಕಾದುದು ಆ ವಿಳಾಸವನ್ನು ಬರೆಯುವ ಕ್ರಮವನ್ನು.